ಹೊಕ್ಕುಳ ಮಟ್ಟದ ಕಾವಲು

ನಾನು ಒಂದು ಭಿತ್ತಿ. ಇಟ್ಟಿಗೆಯಿಂದ ಕಟ್ಟಿದ್ದಲ್ಲ, ಕೆಮ್ಮಣ್ಣಿನಿಂದ ಮೆತ್ತಿದ್ದೂ ಅಲ್ಲ. ಚರ್ಮ, ಕೊಬ್ಬು, ಸ್ನಾಯು ಎಂಬ ಪದರಗಳನ್ನು ಒಂದರ ಮೇಲೊಂದು ಹಾಸಿ ವಿಧಾತನು ನಿರ್ಮಿಸಿದ ಉದರಭಿತ್ತಿ. ಆಡುಮಾತಿನಲ್ಲಿ ಹೇಳುವುದಾದರೆ ಹೊಟ್ಟೆಯ ಮುಂಗೋಡೆ. ನನ್ನ ಹಿಂದೆ ಕರುಳುಗಳಿವೆ. ಆ ಕರುಳುಗಳ ನಡುವೆ ವೈಶ್ವಾನರನೆಂಬ ಅಗ್ನಿದೇವನು ಕುಳಿತು ಅನ್ನವನ್ನು ಸ್ವೀಕರಿಸುತ್ತಾನೆಂದು ಬಲ್ಲವರು ಹೇಳುತ್ತಾರೆ. ಹಾಗಾದರೆ ನಾನು ಯಜ್ಞಶಾಲೆಯ ಗೋಡೆ. ಸಾಮಾನ್ಯವಾಗಿ ಒಂದು ಗೋಡೆಗೆ ಒಂದೇ ಮನೆ. ನನಗೆ ಮಾತ್ರ ಎರಡು ಮನೆಗಳನ್ನು ಕಾಯುವ ಯೋಗ ಒದಗಿತು. ಮೊದಲನೆಯ ಮನೆ ಉರಿದು ಬೂದಿಯಾಯಿತು. ಎರಡನೆಯದು ನನ್ನನ್ನು ಇಂದು ಇಟ್ಟುಕೊಂಡೀತೋ ನಾಳೆ ನೂಕೀತೋ ಎಂಬ ಭಯದಲ್ಲೇ ನನ್ನ ದಿನಗಳು ಕಳೆಯುತ್ತಿವೆ.

ನನ್ನ ಜನನ ಒಂದು ತಾಯಿಯ ಗರ್ಭದ ಕತ್ತಲೆಯಲ್ಲಿ ಆಯಿತು. ಎಡದಿಂದ ಒಂದು ಮಡಿಕೆ, ಬಲದಿಂದ ಒಂದು ಮಡಿಕೆಯಾಗಿ ಬಂದು ನಾನು ನಡುವೆ ಕೂಡಿಕೊಂಡೆ. ಒಂದೇ ಒಂದು ರಂಧ್ರ ಉಳಿದಿತ್ತು. ಅದರ ಮೂಲಕ ಹೊಕ್ಕುಳಬಳ್ಳಿ ಹಾದುಹೋಗಿತ್ತು. ಶಿಶು ಭೂಮಿಗೆ ಬಿದ್ದ ದಿನ ಸೂಲಗಿತ್ತಿ ಅದನ್ನು ಕತ್ತರಿಸಿ ಕಟ್ಟಿದಳು. ಒಣಗಿ ಉದುರಿದ ಮೇಲೆ ಉಳಿದ ಗುಳಿಯೇ ನನ್ನ ಹೊಕ್ಕುಳು. ನನಗೆ ಮುಖವೆಂಬುದು ಇದ್ದರೆ ಅದೇ.

ಆ ಶಿಶುವಿಗೆ ಮಾದೇವಿ ಎಂದು ಹೆಸರಿಟ್ಟರು. ಅಘನಾಶಿನಿ ಹೊಳೆ ಕಡಲನ್ನು ಸೇರುವಲ್ಲಿ ಅಂಬಿಗರ ಕೇರಿಯಲ್ಲಿ ಅವಳ ಮನೆ. ಬೆಳೆದು ದೊಡ್ಡವಳಾದ ಮೇಲೆ ಮಾದೇವಿ ಬಳಚು ಹೆಕ್ಕುವ ಕೆಲಸ ಹಿಡಿದಳು. ಬಳಚು ಎಂದರೆ ಹೊಳೆಯ ಕೆಸರಿನಲ್ಲಿ ಹುದುಗಿರುವ ಚಿಪ್ಪಿನ ಜೀವ. ಕಡಲು ಇಳಿದಾಗ ಹೆಂಗಸರೆಲ್ಲ ನೀರಿಗಿಳಿದು, ಕಾಲಿನಿಂದ ತಡವಿ, ಕೈಯಿಂದ ತೆಗೆದು ಬುಟ್ಟಿ ತುಂಬುತ್ತಾರೆ. ಉಬ್ಬರ ಮರಳುವಾಗ ಮೇಲೆ ಬರಬೇಕು. ತಡಮಾಡಿದವರನ್ನು ಹೊಳೆ ಎಳೆದುಕೊಳ್ಳುತ್ತದೆ.

ಮಾದೇವಿಯ ಬಳಿ ಗಡಿಯಾರವಿರಲಿಲ್ಲ. ಅವಳ ಅಳತೆಗೋಲು ನಾನೇ ಆಗಿದ್ದೆ. ಮಗಳು ನಾಗವೇಣಿ ದಂಡೆಯಲ್ಲಿ ನಿಂತು, “ಅಮ್ಮಾ, ನೀರು ಏರ್ತಾ ಉಂಟು, ಬಾರೆ!” ಎಂದು ಕೂಗುತ್ತಿದ್ದಳು.

“ಹೊಕ್ಕುಳ ಮುಟ್ಲಿ, ಬತ್ತೆ. ನಂಗೆ ಹೊಳೆ ಕಲಿಸ್ಲಿಕ್ಕೆ ಬರಬೇಡ್ವೆ,” ಎಂದು ಮಾದೇವಿ ನಗುತ್ತಿದ್ದಳು.

ಉಪ್ಪುನೀರು ಹೊಕ್ಕುಳಿನ ಗುಳಿಯನ್ನು ತುಂಬಿದೊಡನೆ ನಾನು ಸೆಟೆದುಕೊಳ್ಳುತ್ತಿದ್ದೆ. ಮಾದೇವಿ ಬುಟ್ಟಿ ಎತ್ತಿ ಹಿಂದಿರುಗುತ್ತಿದ್ದಳು. ಎಂದೂ ನನ್ನ ಎಚ್ಚರಿಕೆಯನ್ನು ಅವಳು ಮೀರಲಿಲ್ಲ. ಎಚ್ಚರಿಸುವುದು ನನ್ನ ಧರ್ಮ, ಕೇಳುವುದು ಅವಳ ಧರ್ಮ ಎಂಬಂತೆ ಇಪ್ಪತ್ತು ವರ್ಷ ನಡೆಯಿತು. ಆಷಾಢದಲ್ಲಿ ಹೊಳೆ ಕೆಂಪಾಗಿ ಉಕ್ಕಿದಾಗ ಬಳಚಿಲ್ಲ, ಕೆಲಸವಿಲ್ಲ. ಆಗ ಮಗಳಿಗೆ ಗಂಜಿ ಬಡಿಸಿ, “ನಂದಾಯ್ತು” ಎಂದು ಸುಳ್ಳು ಹೇಳಿ, ಸೀರೆಯ ನೆರಿಗೆಯನ್ನು ನನ್ನ ಮೇಲೆ ಬಿಗಿದು ಕಟ್ಟಿಕೊಂಡು ಅವಳು ಮಲಗಿದ್ದುಂಟು. ನನ್ನ ಮೇಲೆ ಹೊಕ್ಕುಳಿನ ಕೆಳಗೆ ಬೆಳ್ಳಿಯ ಎಳೆಗಳಂಥ ಗೆರೆಗಳಿವೆ. ನಾಗವೇಣಿಯನ್ನು ಹೊತ್ತ ಒಂಬತ್ತು ತಿಂಗಳಲ್ಲಿ ನಾನು ಹಿಗ್ಗಿ ಹಿಗ್ಗಿ ಬಿರಿದ ಗುರುತು ಅವು.

ಮಾದೇವಿಯನ್ನು ಹೊಳೆ ಕೊಲ್ಲಲಿಲ್ಲ. ಪೇಟೆಗೆ ಹೋಗುವ ದಾರಿಯಲ್ಲಿ ಸ್ಕೂಟರಿನ ಹಿಂದಿನ ಸೀಟಿನಿಂದ ಬಿದ್ದಳು, ತಲೆಗೆ ಪೆಟ್ಟಾಯಿತು. ಆಸ್ಪತ್ರೆಯಲ್ಲಿ ಮೂರು ದಿನ ಯಂತ್ರ ಉಸಿರಾಡಿಸಿತು. ನಾನು ಏರುತ್ತಿದ್ದೆ, ಇಳಿಯುತ್ತಿದ್ದೆ. ಆದರೆ ಆಜ್ಞೆ ಮೇಲಿನಿಂದ ಬರುತ್ತಿರಲಿಲ್ಲ. ಮಿದುಳು ಸತ್ತಿದೆಯೆಂದು ವೈದ್ಯರು ಎರಡು ಸಲ ಪರೀಕ್ಷಿಸಿ ಹೇಳಿದರು. ಮೂತ್ರಪಿಂಡ, ಯಕೃತ್ತುಗಳನ್ನು ಕೊಡಲು ನಾಗವೇಣಿ ಒಪ್ಪಿದಳು. ಅವಳಿಗಾಗ ಹತ್ತೊಂಬತ್ತು ವರ್ಷ. ಆಮೇಲೆ ವೈದ್ಯರು ಅಳುಕುತ್ತ ಇನ್ನೊಂದು ಮಾತು ಕೇಳಿದರು. ಬೆಂಗಳೂರಿನಲ್ಲಿ ಒಬ್ಬರಿದ್ದಾರೆ, ಅವರಿಗೆ ಕರುಳೂ ಇಲ್ಲ, ಅದನ್ನು ಮುಚ್ಚುವ ಹೊಟ್ಟೆಯ ಗೋಡೆಯೂ ಇಲ್ಲ.

“ಹೊಟ್ಟೆ ಚರ್ಮ ಸಮೇತವಾ?” ಎಂದಳು ನಾಗವೇಣಿ. “ನಾ ಇದ್ದದ್ದು ಅಲ್ಲೇ ಅಲ್ವ. ತಕಳಿ. ಆದ್ರೆ ಅಮ್ಮನ್ನ ಹಾಗೇ ತೆರೆದು ಕಳಿಸಬೇಡಿ. ಮುಚ್ಚಿ ಕೊಡಿ. ನಾ ಸೀರೆ ಉಡ್ಸಬೇಕು.”

ಮುಚ್ಚಿಯೇ ಕೊಟ್ಟರು. ಹೇಗೆ ಮುಚ್ಚಿದರೋ ನಾನು ನೋಡಲಿಲ್ಲ. ನಾನಾಗಲೇ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿದ್ದೆ.

ಆ ಪೆಟ್ಟಿಗೆಯ ಐದು ತಾಸುಗಳನ್ನು ಹೇಗೆ ಬಣ್ಣಿಸಲಿ? ರಕ್ತವಿಲ್ಲ, ಉಸಿರಿಲ್ಲ, ಸುತ್ತ ಶೀತಲವಾದ ದ್ರವ. ಜೀವವಿದೆಯೋ ಇಲ್ಲವೋ ಎಂಬುದೇ ನನಗೆ ತಿಳಿಯದು. ದೇಹವನ್ನು ಬಿಟ್ಟ ಜೀವನು ಇನ್ನೊಂದು ದೇಹವನ್ನು ಸೇರುವವರೆಗೆ ಎಲ್ಲಿರುತ್ತಾನೆಂದು ಪಂಡಿತರು ಚರ್ಚಿಸುತ್ತಾರೆ. ಜೀವಾತ್ಮನ ಸಂಗತಿ ನನಗೆ ಗೊತ್ತಿಲ್ಲ; ದೇಹದ ಒಂದು ತುಂಡಾದ ನಾನಂತೂ ಬಹಳ ಹೆದರಿದ್ದೆ.

ಎಚ್ಚರವಾದಾಗ ಬಿಸಿ ರಕ್ತ ನನ್ನೊಳಗೆ ಹರಿಯುತ್ತಿತ್ತು. ಬೇರೆ ರಕ್ತ. ಅದರ ಒಂದೊಂದು ಕಣವೂ ನನ್ನನ್ನು ಮೂಸಿ ನೋಡಿ, ‘ನೀನು ಯಾರು?’ ಎಂದು ಕೇಳುತ್ತಿತ್ತು.

ನನ್ನ ಹೊಸ ಯಜಮಾನರು ಸವಣೂರಿನ ಧೀರೇಂದ್ರಾಚಾರ್ಯರು. ವಯಸ್ಸು ಐವತ್ತನಾಲ್ಕು. ಮಠದಲ್ಲಿ ದಿನವೂ ಸಂಜೆ ಪುರಾಣಪ್ರವಚನ ಮಾಡುವವರು. ಕರುಳಿಗೆ ಹೋಗುವ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಅವರ ಕರುಳು ಒಂದೇ ದಿನದಲ್ಲಿ ಕಪ್ಪಾಗಿತ್ತು. ಅದನ್ನು ತೆಗೆದ ಮೇಲೆ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ, ಸೋಂಕು, ಮತ್ತೆ ಶಸ್ತ್ರಚಿಕಿತ್ಸೆ. ಹೊಟ್ಟೆಯ ಗೋಡೆ ಕೊಳೆತು ಕುಗ್ಗಿ, ಮುಚ್ಚಲು ಬಾರದಂತಾಯಿತು. ಹದಿನಾಲ್ಕು ತಿಂಗಳು ಅವರ ಬಾಯಿಗೆ ಒಂದು ಅಗುಳೂ ಬೀಳಲಿಲ್ಲ. ಆಹಾರವೆಲ್ಲ ನಾಳದ ಮೂಲಕ ರಕ್ತಕ್ಕೆ. ಅವರ ಪತ್ನಿ ವೇಣೂಬಾಯಿ ನೈವೇದ್ಯಕ್ಕೆ ಅನ್ನ ಮಾಡುತ್ತಿದ್ದರು, ಆಚಾರ್ಯರು ಮಲಗಿದಲ್ಲಿಂದಲೇ ಸಮರ್ಪಿಸುತ್ತಿದ್ದರು, ಊಟ ಮಾಡಲು ಮಾತ್ರ ಆಗುತ್ತಿರಲಿಲ್ಲ. ಮಾದೇವಿಯ ಕರುಳನ್ನು ಒಳಗಿಟ್ಟು, ಅದರ ಮೇಲೆ ನನ್ನನ್ನು ಹೊದಿಸಿ ಹೊಲಿದರು. ಇಪ್ಪತ್ತೆರಡನೆಯ ದಿನ ಆಚಾರ್ಯರು ಒಂದು ಚಮಚ ಗಂಜಿ ಕುಡಿದು ಅತ್ತರು. ವೇಣೂಬಾಯಿ ಮುಖ ತಿರುಗಿಸಿಕೊಂಡು, “ಉಪ್ಪು ಹಾಕೂದು ಮರತೇನಿ. ಅದಕ್ಕ ಅಳ್ತಾರ,” ಎಂದರು.

ಶಸ್ತ್ರವೈದ್ಯರಾದ ಡಾಕ್ಟರ್ ಬೋಪಯ್ಯನವರು ಮನೆಗೆ ಕಳಿಸುವ ಮುನ್ನ ದಂಪತಿಗಳನ್ನು ಕೂರಿಸಿಕೊಂಡು ಹೇಳಿದರು: “ಆಚಾರ್ರೇ, ಈ ಗುಳಿಗೆಗಳು ಬೆಳಿಗ್ಗೆ ಎಂಟು, ಸಂಜೆ ಎಂಟು. ತಪ್ಪಲೇಬಾರದು. ನಿಮ್ಮ ದೇಹಕ್ಕೆ ಇದು ಬೇರೆಯವರದ್ದು ಅಂತ ಗೊತ್ತು. ಗುಳಿಗೆ ತಗೊಳ್ತಿರೋವರೆಗೆ ಮಾತ್ರ ಅದು ಸುಮ್ಮನಿರತ್ತೆ. ಒಳಗೆ ಕರುಳಿಗೆ ಏನಾದ್ರೂ ಆದ್ರೆ ನಮಗೆ ಕಾಣಲ್ಲ. ಆದ್ರೆ ಹೊಟ್ಟೆ ಚರ್ಮ ಕಾಣತ್ತೆ. ಜಗಳ ಶುರುವಾದ್ರೆ ಮೊದಲು ಇದು ಕೆಂಪಾಗತ್ತೆ. ದಿನಾ ನೋಡ್ಕೊಳ್ಳಿ. ಇಲ್ಲಿ ನಿಮಗೆ ಸ್ಪರ್ಶ ಇಲ್ಲ. ಉರಿ, ತುರಿಕೆ ಗೊತ್ತಾಗಲ್ಲ. ಕಣ್ಣೇ ಗತಿ.”

ನನಗೆ ಮತ್ತೆ ಕಾವಲಿನ ಕೆಲಸ ದೊರೆಯಿತೆಂದು ಸಂತೋಷಪಟ್ಟೆ. ಆದರೆ ಸವಣೂರಿಗೆ ಬಂದ ಮೊದಲ ಮುಂಜಾನೆಯೇ ನನ್ನ ಬಾಯಿ ಮುಚ್ಚಿತು.

ಆಚಾರ್ಯರು ಸ್ನಾನ ಮುಗಿಸಿ, ಮಡಿಯುಟ್ಟು, ಮರದ ಪುಟ್ಟ ಪೆಟ್ಟಿಗೆಯಿಂದ ಗೋಪೀಚಂದನದ ಗಡ್ಡೆ ತೆಗೆದು ತೇಯ್ದರು. ದೇಹದ ಹನ್ನೆರಡು ಸ್ಥಾನಗಳಲ್ಲಿ ಭಗವಂತನ ಹನ್ನೆರಡು ನಾಮಗಳನ್ನು ಹೇಳುತ್ತ ನಾಮ ಹಚ್ಚುವುದು ಅವರ ಮನೆತನದ ನಿತ್ಯವಿಧಿ. ಆ ಹನ್ನೆರಡರಲ್ಲಿ ಮೂರು ನನ್ನ ಪಾಲಿನವು: ನಡುವೆ ನಾರಾಯಣ, ಬಲಕ್ಕೆ ವಿಷ್ಣು, ಎಡಕ್ಕೆ ವಾಮನ. ಹಣೆಗೆ ಹಚ್ಚಿದ ಬೆರಳು ನನ್ನ ಬಳಿ ಬಂದು ನಿಂತಿತು. ಹೊಲಿಗೆಯ ಗುರುತನ್ನೂ, ಹೊಕ್ಕುಳಿನ ಕೆಳಗಿನ ಗೆರೆಗಳನ್ನೂ ಅವರು ದಿಟ್ಟಿಸಿದರು. ಆಮೇಲೆ ಮೂರು ನಾಮಗಳಿಂದ ತೃಪ್ತರಾಗದೆ, ಅಂಗೈತುಂಬ ಗಂಧ ತೆಗೆದುಕೊಂಡು ಅಂಚಿನಿಂದ ಅಂಚಿಗೆ ನನ್ನನ್ನು ಪೂರ್ತಿ ಲೇಪಿಸಿದರು. ಮೇಲೆ ಶಲ್ಯ ಹೊದ್ದರು. ಮಡಿಯಲ್ಲಿದ್ದವರನ್ನು ವೇಣೂಬಾಯಿ ಮುಟ್ಟುವಂತಿಲ್ಲ. ಮಡಿ ಬಿಡುವ ಹೊತ್ತಿಗೆ ಗಂಧ ಒಣಗಿ ಹಳದಿ ಮಣ್ಣಿನ ಗೋಡೆಯಾಗಿರುತ್ತಿತ್ತು. “ಹೊಟ್ಟಿ ನೋಡಿದಿರೇನು?” ಎಂದು ಅವರು ಕೇಳಿದರೆ, “ನೋಡೇನಿ, ಛಲೋ ಅದ,” ಎಂದು ಆಚಾರ್ಯರ ಉತ್ತರ.

ವೈಶಾಖದ ಶುದ್ಧ ಏಕಾದಶಿ ಬಂದಿತು. ಆಚಾರ್ಯರು ಬಾಲ್ಯದಿಂದ ಏಕಾದಶಿ ತಪ್ಪಿಸಿದವರಲ್ಲ. ಹಾಸಿಗೆಯಲ್ಲಿದ್ದ ತಿಂಗಳುಗಳಲ್ಲಿ ಊಟವೇ ಇರಲಿಲ್ಲವಾದ್ದರಿಂದ ಅವರಿಗೆ ಆ ವ್ಯಥೆಯಿರಲಿಲ್ಲ. ಈಗ ಹೊಟ್ಟೆ ಬಂದಿದೆ, ವ್ರತವೂ ಬರಬೇಡವೇ? ದಶಮಿಯ ಸಂಜೆಯಿಂದ ದ್ವಾದಶಿಯ ಬೆಳಗಿನವರೆಗೆ ಹನಿ ನೀರನ್ನೂ ಮುಟ್ಟದಿರುವುದು ಅವರ ಕ್ರಮ. ಅಂದರೆ ಮೂರು ಹೊತ್ತಿನ ಗುಳಿಗೆ ತಪ್ಪುತ್ತಿತ್ತು. ವೇಣೂಬಾಯಿ ತಟ್ಟೆಯಲ್ಲಿಟ್ಟು ಹೋದ ಗುಳಿಗೆಗಳು ಬಾಯಿಗೆ ಹೋಗಲಿಲ್ಲ. ಎಲ್ಲಿಗೆ ಹೋದವೆಂಬುದನ್ನು ನಾನು ಕಂಡೆ. ಹೇಳಲು ನನಗೆ ನಾಲಗೆಯಿಲ್ಲ.

ಮೊದಲ ಸಲ ಏನೂ ಆಗಲಿಲ್ಲ. ಎರಡನೆಯ ಸಲವೂ ಆಗಲಿಲ್ಲ. “ಹರಿ ಕಾಯ್ತಾನ,” ಎಂದು ಆಚಾರ್ಯರು ತಮ್ಮಷ್ಟಕ್ಕೆ ಅಂದುಕೊಂಡರು. ತಿಂಗಳಿಗೊಮ್ಮೆ ಹುಬ್ಬಳ್ಳಿಯಲ್ಲಿ ಮಾಡಿಸುವ ರಕ್ತಪರೀಕ್ಷೆ ಏಕಾದಶಿಯಿಂದ ದೂರದ ದಿನಗಳಲ್ಲೇ ಬೀಳುತ್ತಿದ್ದುದರಿಂದ ಅಲ್ಲಿಯೂ ಸಿಕ್ಕಿಬೀಳಲಿಲ್ಲ. ಆದರೆ ರಕ್ತದ ಕಣಗಳು ಮತ್ತೆ ಬಂದು ನನ್ನನ್ನು ಮೂಸತೊಡಗಿದ್ದವು. ಜ್ಯೇಷ್ಠದ ಕೊನೆಗೆ ನನ್ನ ಅಂಚಿನಲ್ಲಿ ಸಾಸಿವೆಯಷ್ಟು ಕೆಂಪು ಚುಕ್ಕೆಗಳು ಎದ್ದವು. ನಾನು ಕೂಗಿದೆ. ಕೆಂಪಾಗುವುದೇ ನನ್ನ ಕೂಗು. ಮರುದಿನದ ಗಂಧ ಅದನ್ನು ಮುಚ್ಚಿತು. ಮತ್ತಷ್ಟು ಜೋರಾಗಿ ಕೂಗಿದೆ; ಮತ್ತಷ್ಟು ದಪ್ಪ ಗಂಧ. ಸ್ನಾನದ ಮನೆಯ ಮಬ್ಬು ಬೆಳಕಿನಲ್ಲಿ ಚಸ್ಮವಿಲ್ಲದ ಕಣ್ಣಿಗೆ ನಾನು ಕಾಣಲಿಲ್ಲ. ಮುಟ್ಟಿದರೆ ತಿಳಿಯುವುದೂ ಬೆರಳಿಗೆ ಮಾತ್ರ.

ಆಷಾಢ ಏಕಾದಶಿಗೆ ಮಠದಲ್ಲಿ ಮುದ್ರಾಧಾರಣೆ ನಡೆಯುತ್ತದೆ. ಹೋಮಾಗ್ನಿಯಲ್ಲಿ ಕಾಸಿದ ಶಂಖಚಕ್ರಗಳನ್ನು ಸ್ವಾಮಿಗಳು ಶಿಷ್ಯರ ಮೈಮೇಲೆ ಒತ್ತುತ್ತಾರೆ. ಸುಟ್ಟಗಾಯ ಆಗಬಾರದೆಂದು ವೈದ್ಯರು ಅದನ್ನು ಕಟ್ಟುನಿಟ್ಟಾಗಿ ನಿಷೇಧಿಸಿದ್ದರು.

“ಮುದ್ರಿ ಬಿಟ್ಟೆ. ಉಪವಾಸಾನೂ ಬಿಡು ಅಂದ್ರ ನಾ ಯಾರು?” ಎಂದು ಆಚಾರ್ಯರು ಹಟ ಹಿಡಿದರು.

“ಹಾಲು ಹಣ್ಣು ತಗೊಂಡು ಮಾಡ್ರಿ. ಗುಳಿಗಿ ಒಂದು ತಪ್ಪಸಬ್ಯಾಡ್ರಿ,” ಎಂದರು ವೇಣೂಬಾಯಿ.

“ಹೂಂ,” ಎಂದರು ಆಚಾರ್ಯರು. ಜೀವಮಾನದಲ್ಲಿ ಅವರಾಡಿದ ಸುಳ್ಳುಗಳನ್ನು ಒಂದೇ ಕೈಯ ಬೆರಳುಗಳಲ್ಲಿ ಎಣಿಸಬಹುದಿತ್ತು. ಅದರಲ್ಲಿ ಇದೊಂದು.

ದ್ವಾದಶಿಯ ಮುಂಜಾನೆ ಪೂಜೆ ಮುಗಿಯಿತು. ಉಪವಾಸ ಬಿಡುವ ಪಾರಣೆಗೆ ಎಲೆ ಹಾಕಿದರು. ಆಚಾರ್ಯರು ಆಪೋಶನಕ್ಕೆ ಕೈಚಾಚಿದವರು ಹಾಗೆಯೇ ಗೋಡೆಗೆ ಒರಗಿದರು. ಬೆವರು ಧಾರೆಯಾಗಿ ಇಳಿಯಿತು. ನನ್ನ ಹಿಂದೆ ಕರುಳು ಹಿಂಡಿದಂತೆ ಮುರುಟುತ್ತಿತ್ತು. ವೇಣೂಬಾಯಿ ಮಡಿ ಮೈಲಿಗೆಯ ಮಾತನ್ನೇ ಮರೆತು ಒದ್ದೆ ವಸ್ತ್ರ ಹಿಡಿದು ಓಡಿಬಂದರು. ಮುಖ ಒರೆಸಿದರು, ಎದೆ ಒರೆಸಿದರು. ವಸ್ತ್ರ ನನ್ನ ಮೇಲೆ ಬಂದಿತು. ಗೋಪೀಚಂದನ ಕರಗಿ ಹೋಯಿತು. ಅದರ ಕೆಳಗಿನ ಕೆಂಪು ಹೋಗಲಿಲ್ಲ. ಅವರು ಮತ್ತೆ ಒರೆಸಿದರು. ಇನ್ನೊಮ್ಮೆ ಒರೆಸಿದರು.

“ಏನ್ರೀ ಇದು?” ಎಂದರು. “ಎಂದಿನಿಂದ ಹಿಂಗದ?”

ಆಚಾರ್ಯರು ಬಗ್ಗಿ ನೋಡಿದರು. ಅವರಿಗೂ ಅದೇ ಮೊದಲ ನೋಟ.

ಫೋನಿನಲ್ಲಿ ಚಿತ್ರ ತೆಗೆದು ಆಸ್ಪತ್ರೆಗೆ ಕಳಿಸಿದರು. ಎರಡೇ ನಿಮಿಷಕ್ಕೆ ಅಲ್ಲಿನ ಸಿಸ್ಟರ್ ಗ್ಲೋರಿಯಾ ಕರೆ ಮಾಡಿದಳು. “ಅಮ್ಮಾ, ಏನೂ ಕಟ್ಟಿಕೊಳ್ಳಬೇಡಿ, ಈಗಲೇ ಹೊರಡಿ. ಊಟ ದಾರೀಲಿ. ಅಲ್ಲ, ಊಟ ಬೇಡವೇ ಬೇಡ. ಬನ್ನಿ.”

ಆಂಬುಲೆನ್ಸು ಬಂದಾಗ ಆಚಾರ್ಯರು ಕ್ಷೀಣಸ್ವರದಲ್ಲಿ ಗೋಪೀಚಂದನದ ಪೆಟ್ಟಿಗೆಯನ್ನು ತರಲು ಹೇಳಿದರು. ಅದಿಲ್ಲದೆ ಅವರು ಊರು ಬಿಟ್ಟವರಲ್ಲ. ಆ ಸಂಕಟದಲ್ಲಿ ಅದರೊಳಗೆ ಇನ್ನೇನಿದೆಯೆಂಬುದನ್ನು ಮರೆತಿದ್ದರು. ಹಾವೇರಿ ದಾಟುವಷ್ಟರಲ್ಲಿ, ಗಂಧ ಸಾಕಾಗುವಷ್ಟಿದೆಯೇ ಎಂದು ವೇಣೂಬಾಯಿ ಪೆಟ್ಟಿಗೆ ತೆರೆದರು. ಗಡ್ಡೆಯ ಕೆಳಗೆ ರೇಷ್ಮೆಯ ಚೂರಿನಲ್ಲಿ ಸುತ್ತಿಟ್ಟ ಗುಳಿಗೆಗಳು. ಐದು ಏಕಾದಶಿಗಳ ಗುಳಿಗೆಗಳು. ಚೆಲ್ಲಲು ಮನಸ್ಸು ಬಾರದೆ, ನುಂಗಲು ವ್ರತ ಬಿಡದೆ, ಪ್ರಸಾದದಂತೆ ಜೋಪಾನ ಮಾಡಿದ್ದರು.

ವೇಣೂಬಾಯಿ ಬಯ್ಯಲಿಲ್ಲ. ಒಂದು ಗುಳಿಗೆಯನ್ನು ಬೆರಳಲ್ಲಿ ಹಿಡಿದು ಕೇಳಿದರು: “ಹಾಲು, ಹಣ್ಣು, ಗುರುಗಳ ಮಾತು, ಔಷಧ, ಇವು ವ್ರತಾ ಕೆಡಸೂದಿಲ್ಲಂತ ಮಠದಾಗ ಪುರಾಣ ಹೇಳಿದವರು ಯಾರ್ರೀ? ನಾ ಕಂಬಕ್ಕ ಆತು ಕೂತು ಕೇಳೇನಿ. ಮಂದಿಗೊಂದು ಶಾಸ್ತ್ರ, ನಿಮಗೊಂದೇನು?”

ಆಚಾರ್ಯರ ಕಣ್ಣಿಂದ ನೀರಿಳಿಯಿತು. “ನನಗಾಗಿ ಅಲ್ಲ, ವೇಣು. ಇದು ಯಾರ ಹೊಟ್ಟಿಯೋ. ಏನು ಉಂಡಿತ್ತೋ, ಹೆಂಗ ಇತ್ತೋ. ಒಂದು ಏಕಾದಶಿನೂ ಕಂಡಿರಲಿಕ್ಕಿಲ್ಲ. ನಾಲ್ಕು ವ್ರತಾ ಮಾಡಿಸಿ ಶುದ್ಧ ಮಾಡೋಣಂತ...”

ಓದುಗರೇ, ಆಗ ನನಗೆ ಬಾಯಿದ್ದಿದ್ದರೆ! ನಾನು ಮಾಡಿದ ಉಪವಾಸಗಳಿಗೆ ಪಂಚಾಂಗವಿರಲಿಲ್ಲ, ಅಷ್ಟೇ. ದಶಮಿಯ ನಿಯಮವಿಲ್ಲದೆ, ದ್ವಾದಶಿಯ ಪಾರಣೆಯ ಭರವಸೆಯಿಲ್ಲದೆ, ಮಗಳ ಗಂಜಿಗಾಗಿ ಆಷಾಢವಿಡೀ ಮಾಡಿದ ವ್ರತಗಳು ಅವು.

ನಾನು ಹೇಳಲಾಗದ್ದನ್ನು ವೇಣೂಬಾಯಿ ಹೇಳಿದರು. ಶಲ್ಯವನ್ನು ಸರಿಸಿ ಹೊಕ್ಕುಳಿನ ಕೆಳಗೆ ಬೆರಳಿಟ್ಟರು. “ಈ ಗೆರಿ ನೋಡ್ರಿ. ಇವು ಡಾಕ್ಟರ್ ಕೊಯ್ದದ್ದಲ್ಲ. ನಮ್ಮ ಸುಶೀಲಾ ಹುಟ್ಟಿದಾಗಿಂದ ನನ್ನ ಹೊಟ್ಟಿ ಮ್ಯಾಲೂ ಇವೇ ಗೆರಿ ಅವ. ಇದು ಹಡದಾಕಿ ಹೊಟ್ಟಿ ರೀ. ಒಬ್ಬ ತಾಯಿದು. ಇದಕ್ಕ ನೀವೇನು ಶುದ್ಧ ಮಾಡ್ತೀರಿ?”

ಆಮೇಲೆ ಬೆಂಗಳೂರಿನವರೆಗೆ ಆಚಾರ್ಯರ ಎಡಗೈ ನನ್ನ ಮೇಲಿತ್ತು.

ಡಾಕ್ಟರ್ ಬೋಪಯ್ಯನವರು ನೋಡಿದೊಡನೆ ತಲೆಚಚ್ಚಿಕೊಂಡರು. “ನಿಮ್ಮ ಹೊಟ್ಟೆ ಮೇಲೆ ನಾವೊಬ್ಬ ಕಾವಲುಗಾರನನ್ನ ನಿಲ್ಲಿಸಿದ್ವಿ ಆಚಾರ್ರೇ. ನೀವು ಅವನ ಮುಖಕ್ಕೇ ಗಿಲಾವು ಮಾಡಿಬಿಟ್ಟಿದ್ದೀರಲ್ಲ!” ನನ್ನಿಂದ ಅಕ್ಕಿಕಾಳಿನಷ್ಟು ತುಂಡು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ದೇಹವು ನನ್ನನ್ನೂ ಕರುಳನ್ನೂ ನಿರಾಕರಿಸತೊಡಗಿತ್ತು. ತೀವ್ರವಾದ ಔಷಧಗಳನ್ನು ನಾಳಕ್ಕೆ ಏರಿಸಿದರು. ಹಿಡಿದರೆ ಉಳಿವು, ಇಲ್ಲವಾದರೆ ನಮ್ಮಿಬ್ಬರನ್ನೂ ತೆಗೆಯಬೇಕು, ತೆಗೆದರೆ ಆಚಾರ್ಯರು ಬದುಕುವುದು ಅನುಮಾನ. ಐದು ದಿನ ನಾನು ಕೆಂಪಾಗಿಯೇ ಇದ್ದೆ. ವೇಣೂಬಾಯಿ ಗಳಿಗೆಗೊಮ್ಮೆ ಹೊದಿಕೆ ಸರಿಸಿ ನೋಡುವರು. ನೋಡಿ, ಮುಚ್ಚಿ, ಕಿಟಕಿಯ ಬಳಿ ಹೋಗಿ ನಿಲ್ಲುವರು. ಆರನೆಯ ದಿನ ಬಲದಂಚಿನ ಒಂದು ಚುಕ್ಕೆ ಮಸುಕಾಯಿತು. ಹೊಳೆಯ ನೀರು ಇಳಿಯುವಾಗ ಮೊದಲು ಒಂದು ಕಲ್ಲು ಕಾಣುವಂತೆ. ಆಮೇಲೆ ಒಂದೊಂದಾಗಿ ಎಲ್ಲವೂ ಇಳಿದವು.

ಭಾದ್ರಪದದಲ್ಲಿ ಮಹಾಲಯ ಬಂದಿತು. ಪಿತೃಗಳಿಗೆ ತರ್ಪಣ ಕೊಡುವ ಪಕ್ಷ. ಹಿಂದೆ ಆಚಾರ್ಯರು ವರದಾ ಹೊಳೆಯಲ್ಲಿ ಹೊಕ್ಕುಳ ಮಟ್ಟ ನಿಂತು ತರ್ಪಣ ಬಿಡುತ್ತಿದ್ದರಂತೆ. ಈಗ ಹೊಳೆಗಿಳಿಯಲು ಅಪ್ಪಣೆಯಿಲ್ಲ. ಅಂಗಳದಲ್ಲಿ ಹರಿವಾಣವಿಟ್ಟುಕೊಂಡು ಕುಳಿತರು. ವೇಣೂಬಾಯಿ ಕುದಿಸಿ ಆರಿಸಿದ ನೀರಿನ ತಂಬಿಗೆ ತಂದಿಟ್ಟರು.

“ಕುದಿಸಿದ ನೀರಾಗ ತರ್ಪಣ ಕೊಟ್ಟವ ನಮ್ಮ ವಂಶದಾಗ ನಾನ ಮೊದಲಿಗ,” ಎಂದರು ಆಚಾರ್ಯರು.

“ನಿಮ್ಮ ಹಿರ್ಯಾರಿಗೂ ಹೊಟ್ಟಿ ಕೆಡೂದಿಲ್ಲ ಬಿಡ್ರಿ,” ಎಂದರು ವೇಣೂಬಾಯಿ.

ತಂದೆ, ತಾಯಿ, ಅಜ್ಜ, ಮುತ್ತಜ್ಜರಿಗೆ ಎಳ್ಳುನೀರು ಬಿಟ್ಟಾಯಿತು. ಗುರುಗಳಿಗೆ, ಬಂಧುಗಳಿಗೆ ಬಿಟ್ಟಾಯಿತು. ಆಚಾರ್ಯರು ಕೈಯಲ್ಲಿ ಇನ್ನೂ ಸ್ವಲ್ಪ ಎಳ್ಳು ಹಿಡಿದುಕೊಂಡು ಕುಳಿತರು. ಗೋತ್ರ ತಿಳಿಯದವರಿಗೆ ಕಾಶ್ಯಪ ಗೋತ್ರವನ್ನು ಹೇಳಬೇಕೆಂಬುದು ಹಿರಿಯರ ಕಟ್ಟಳೆ. ಹೆಸರಿಗೆ?

“ಆಕೀಗೇನು? ಹೆಸರು ಗೊತ್ತಿಲ್ಲ. ಏನಂತೀರಿ?” ಎಂದರು ವೇಣೂಬಾಯಿ.

“ಅವ್ವ ಅಂತೀನಿ.”

“ಮಂತ್ರದಾಗ?”

“ಮಂತ್ರದಾಗೂ.”

ಮಾದೇವಿ, ಮಾದೇವಿ ಎಂದು ನಾನು ಒಳಗೊಳಗೆ ಹೇಳುತ್ತಿದ್ದೆ. ಅವರು ಮೂರು ಸಲ ನೀರು ಬಿಟ್ಟರು. ಮೂರನೆಯ ಸಲ ಕೈ ಓರೆಯಾಗಿ ನೀರು ತುಳುಕಿತು. ಹರಿವಾಣಕ್ಕೆ ಬೀಳಬೇಕಾದದ್ದು ನನ್ನ ಮೇಲೆ ಬಿದ್ದು, ಹರಿದು, ಹೊಕ್ಕುಳಿನ ಗುಳಿಯಲ್ಲಿ ನಿಂತಿತು. ಉಪ್ಪಿಲ್ಲದ ನೀರು. ಆದರೂ ನಾನು ಹಳೆಯ ಅಭ್ಯಾಸದಂತೆ ಸೆಟೆದುಕೊಂಡೆ.

ಆಚಾರ್ಯರು ಬೆಚ್ಚಿ ಕೆಳಗೆ ನೋಡಿದರು.

“ವೇಣು,” ಎಂದರು ಮೆಲ್ಲನೆ. “ತಣ್ಣಗ ಹತ್ತಿತು. ಹೊಟ್ಟಿಗೆ.”

ಅದಾಗಿ ಆರು ವರ್ಷಗಳು ಸಂದಿವೆ. ಸ್ಪರ್ಶ ಪೂರ್ತಿ ಬಂದಿಲ್ಲ. ಹೊಕ್ಕುಳಿನ ಸುತ್ತ ನಾಲ್ಕು ಬೆರಳಷ್ಟು ಬಂದಿದೆ. ಆಚಾರ್ಯರ ಕೂದಲು ನೆರೆತಿದೆ, ನನ್ನ ಸ್ನಾಯುಗಳು ಸಡಿಲವಾಗಿವೆ. ನನ್ನ ಮೂರು ನಾಮಗಳನ್ನು ಅವರು ಈಗ ಬರಿಯ ನೀರಿನಿಂದ ಹಚ್ಚುತ್ತಾರೆ. ಏಕಾದಶಿಯಂದು ಗುಳಿಗೆಯನ್ನು ತುಳಸಿಯೆಸಳಿನೊಡನೆ ನುಂಗುತ್ತಾರೆ. ಪ್ರತಿ ಮುಂಜಾನೆ ಮಡಿಯುಡುವ ಮುನ್ನ ಬಾಗಿಲ ಬೆಳಕಿಗೆ ಬಂದು ನಿಲ್ಲುತ್ತಾರೆ. ವೇಣೂಬಾಯಿ ಚಸ್ಮ ಏರಿಸಿ ನನ್ನನ್ನು ಅಂಚಿನಿಂದ ಅಂಚಿಗೆ ಓದುತ್ತಾರೆ. ಆ ಅರೆಗಳಿಗೆ ಮೂವರೂ ಉಸಿರು ಬಿಗಿಹಿಡಿದಿರುತ್ತೇವೆ. ರಕ್ತ ಇಂದಿಗೂ ನನ್ನನ್ನು ‘ನೀನು ಯಾರು?’ ಎಂದು ಕೇಳುವುದನ್ನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ನೀರು ಯಾವ ದಿನ ಏರೀತೆಂದು ಯಾರಿಗೂ ತಿಳಿಯದು. ಏರಿದರೆ ಕೂಗುತ್ತೇನೆ.

“ಬೆಳ್ಳಗದ, ಹೋಗ್ರಿ,” ಎನ್ನುತ್ತಾರೆ ವೇಣೂಬಾಯಿ.

ಆಚಾರ್ಯರು ಉಸಿರು ಬಿಡುತ್ತಾರೆ. ನಾನು ಇಳಿಯುತ್ತೇನೆ.